ಬೋಲ್ಟು ಹಾಕೋಣ ಎಂದಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಬ್ಬ ಲಾರಿ ಡ್ರೈವರನಿಂದ. ನಮ್ಮ ಕಾರ್ಖಾನೆಯ ಗೇಟಿನಲ್ಲಿ ಪಾಸು ಬರೆಸಿಕೊಳ್ಳುತ್ತ ನಿಂತಿದ್ದ ಆತ, "ನರಸೀಪುರದ ವೆಲ್ಡಿಂಗ್‌ನೋರು ಓಗ್ಬುಟ್ರಂತಲ್ಲ ಸಾ" ಎಂದ. ನಾನು ಯಾರೆಂದು ತಿಳಿಯದವನಂತೆ ನೋಡಿದೆನೋ ಏನೋ, ಗುರುತು ಹತ್ತಲೆಂದು ಮುಂದುವರಿಸಿದ: "ಅದೇ ಸಾ, ಬನ್ನೂರು ಮಿಲ್ ಯಜಮಾನ್ರ ಮಗನ ಕಾಲು ತೆಗೆಸ್ದೋರು."

ಮೂವತ್ತು ವರ್ಷ ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿದ ಮನುಷ್ಯನಿಗೆ ನಮ್ಮ ಸೀಮೆ ಕೊಟ್ಟ ಗುರುತು ಇಷ್ಟೇ. ಅದು ಸುಳ್ಳು ಗುರುತು. ನನ್ನ ಹೆಸರಿನ ಮುಂದೆ ಇರಬೇಕಾಗಿದ್ದದ್ದು ಅವರ ಹೆಸರಿಗೆ ಅಂಟಿಕೊಂಡಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರ ಗುಣಗಾನ ಮಾಡುತ್ತ ಮಾಡುತ್ತ ಕೊನೆಯ ಹೊತ್ತಿಗೆ ನಯವಾಗಿ ಜಾರಿಕೊಳ್ಳುವ ಸ್ವಭಾವ ನನ್ನದು. ಹನ್ನೆರಡು ವರ್ಷ ಹಾಗೆಯೇ ಜಾರಿಕೊಂಡವನು ನಾನು.

ಅವರ ಪರಿಚಯವಾದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಇಂಜಿನಿಯರ್. ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ಹದಿನೈದು ದಿನ ರಿಪೇರಿ ನಡೆಸುತ್ತಿದ್ದೆವು. ಆಗ ಹೊರಗಿನ ವೆಲ್ಡರುಗಳನ್ನು ಕರೆಸುತ್ತಿದ್ದೆವು. ಹಾಗೆ ಬಂದವರಲ್ಲಿ ಇವರೂ ಒಬ್ಬರು. ತೆಳ್ಳಗೆ, ಕಪ್ಪಗೆ, ಕಿವಿಯ ಮೇಲೆ ಒಂದು ಬೀಡಿ, ಅಂಗಿಯ ಜೇಬಿನಲ್ಲಿ ಒಂದು ಸ್ಪ್ಯಾನರು. ವೆಲ್ಡರನಿಗೆ ಸ್ಪ್ಯಾನರು ಯಾಕಪ್ಪ ಎಂದು ನಾನು ತಮಾಷೆ ಮಾಡಿದ್ದಕ್ಕೆ, "ದರ್ಜಿ ಕತ್ರಿ ಇಟ್ಕಳಲ್ವಾ ಸಾ" ಎಂದಿದ್ದರು.

ಅವತ್ತು ನಾನು ಕೊಟ್ಟಿದ್ದ ಕೆಲಸ ಒಂದು ಸ್ಟೀಮ್ ಪೈಪನ್ನು ಎರಡು ಕಂಬಗಳಿಗೆ ಬೆಸೆಯುವುದು. ನಕ್ಷೆಯನ್ನು ನಾನೇ ಬರೆದಿದ್ದೆ. ಅವರು ಒಂದು ಕಂಬಕ್ಕೆ ಬೆಸೆದು, ಬೆಸುಗೆಯ ಕಡ್ಡಿ ಹಿಡಿಯುವ ಹೋಲ್ಡರು ಕೆಳಗಿಟ್ಟು ಕೂತುಬಿಟ್ಟಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ.

"ಇನ್ನೊಂದ್ ಕಡೆ ಬುಡ್ಬೇಕು ಸಾ. ಬಿಸಿ ಆದಾಗ ಅದು ಉದ್ದ ಆಯ್ತದೆ. ಎರಡ್ ಕಡೆನೂ ಇಡ್ಕಂಡ್ರೆ ಅದು ಎಲ್ಲಿಗೆ ಓಗ್ಬೇಕು?"

ಇದು ಇಂಜಿನಿಯರಿಂಗ್ ಎರಡನೇ ವರ್ಷದ ಪಾಠ. ನಾನು ಮರೆತಿದ್ದೆ. ಒಪ್ಪಿಕೊಳ್ಳದೆ, "ಹೂಂ, ಅದನ್ನೇ ಹೇಳೋಣ ಅಂತಿದ್ದೆ" ಎಂದೆ. ಅವರು ನನ್ನ ಮುಖ ನೋಡಲಿಲ್ಲ. "ಬಿಗಿ ಮಾಡೋದು ಸುಲ್ಬ ಸಾ. ಎಲ್ಲಿ ಬುಡ್ಬೇಕು ಅನ್ನೋದೇ ಕೆಲ್ಸ" ಎಂದು ಬೀಡಿ ಹಚ್ಚಿದರು. ಆ ಮಾತನ್ನು ಆಮೇಲೆ ಅವರ ಬಾಯಲ್ಲಿ ನೂರು ಸಲವಾದರೂ ಕೇಳಿರಬೇಕು.

ಅವರ ಹುಟ್ಟೂರು ದೇವನೂರಿನ ಆಚೆಗೊಂದು ಹಳ್ಳಿ. ಶೆಡ್ಡು ಹಾಕಿದ್ದು ತಿರುಮಕೂಡಲು ನರಸೀಪುರದಲ್ಲಿ, ಸೇತುವೆ ದಾಟಿದ ಮೇಲೆ ಬಲಕ್ಕೆ. ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ಚಿತ್ರ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧ. ವೆಲ್ಡಿಂಗಿನ ಹೊಗೆಗೆ ಎರಡೂ ಕಪ್ಪಾಗುತ್ತಿದ್ದವು, ಪ್ರತಿ ಶನಿವಾರ ಒರೆಸುತ್ತಿದ್ದರು. ಬುದ್ಧ ಪೂರ್ಣಿಮೆಯ ದಿನ ಶೆಡ್ಡಿಗೆ ರಜ. ಅಂದು ಮುರಿದ ನೇಗಿಲು ತಂದವನಿಗೂ ಪಾಯಸ ಕೊಟ್ಟು, "ನಾಳೆ ಬನ್ನಿ" ಎಂದು ಕಳಿಸುತ್ತಿದ್ದರು. ಎಲ್ಲರಿಗೂ ಅವರು "ಸಾ" ಎನ್ನುತ್ತಿದ್ದರು, ಬಸ್ ಕಂಡಕ್ಟರನಿಗೂ ತಹಸೀಲ್ದಾರರಿಗೂ ಒಂದೇ "ಸಾ". ಅವರ ಅಪ್ಪ ಊರಿನ ಯಜಮಾನರಿಗೆ ಅನ್ನುತ್ತಿದ್ದ "ಬುದ್ಧಿ" ಎಂಬ ಮಾತು ಮಾತ್ರ ಅವರ ಬಾಯಿಂದ ಯಾರಿಗೂ ಬಂದದ್ದು ನಾನು ಕೇಳಿಲ್ಲ.

ಮುಖ್ಯ ಕೆಲಸ ಕಬ್ಬು ಸಾಗಿಸುವ ಟ್ರೇಲರುಗಳದ್ದು. ಬನ್ನೂರು ಕಡೆಯಿಂದ ಟ್ರ್ಯಾಕ್ಟರುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಟ್ರೇಲರು ರಿಪೇರಿಗೆ ಬಂದರೆ ಮುರಿದ ಜಾಗವನ್ನು ಅವರು ಮೊದಲು ನೋಡುತ್ತಲೇ ಇರಲಿಲ್ಲ. "ಲೋಡ್ ಮಾಡ್ಕಂಡು ಆ ಗುಂಡಿ ಅತ್ಸಿ ಇಳ್ಸು ಕಣ್ಲಾ" ಎಂದು ಡ್ರೈವರನಿಗೆ ಹೇಳಿ, ರಸ್ತೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದು ಹೇಗೆ ತಿರುಚಿಕೊಳ್ಳುತ್ತದೆಂದು ನೋಡುತ್ತಿದ್ದರು. ಆಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, "ಈಗ ಮುರ್ದಿರೋದು ಅಲ್ಲಿ. ಅದ್ನ ಬಿಗಿ ಮಾಡುದ್ರೆ ಮುಂದಿನ್ ವರ್ಸ ಮುರಿಯೋದು ಇಲ್ಲಿ" ಎನ್ನುತ್ತಿದ್ದರು. ಮುಂದಿನ ವರ್ಷ ಅಲ್ಲೇ ಮುರಿಯುತ್ತಿತ್ತು. ಮಾತು ಕೇಳದವನಿಗೆ ಅವರು ಬೈಯುವ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮ ಮನೆ ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿ. ನಮ್ಮ ತಂದೆ ಪಾಠಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದವರು. ಅಮ್ಮನ ಹೊಲಿಗೆ ಯಂತ್ರದ ಕಾಲು ಮುರಿದಾಗ ಅವರು ಮನೆಗೆ ಬಂದರು. ಜಗಲಿಯ ಮೇಲೇ ಕೂತು ಕೆಲಸ ಮುಗಿಸಿದರು. ಒಳಗೆ ಬನ್ನಿ ಎಂದೆ. "ಬೂಟ್ ಬಿಚ್ಚೋಕೆ ಒತ್ತಾಯ್ತದೆ ಸಾ" ಎಂದರು. ಅಮ್ಮ ತಂದಿಟ್ಟ ಲೋಟದಲ್ಲಿ ಕಾಫಿ ಕುಡಿದು, ಲೋಟವನ್ನು ಕೊಳಾಯಿಯಲ್ಲಿ ತೊಳೆದು ಬೋರಲಿಟ್ಟು ಹೋದರು. ಆಮೇಲೂ ಎರಡು ಮೂರು ಸಲ ಬಂದರು, ಪ್ರತಿ ಸಲವೂ ಬೂಟಿನದೇ ನೆಪ. ಆ ನೆಪ ಅವರಿಗಿಂತ ನಮಗೇ ಹೆಚ್ಚು ಅನುಕೂಲವಾಗಿತ್ತು ಎಂಬುದು ನನಗೆ ಆಗಲೂ ಗೊತ್ತಿತ್ತು.

ಇನ್ನು ಕಾರಿನ ವಿಷಯ. ಗಿರೀಶ ನನ್ನ ಕಾಲೇಜಿನ ಗೆಳೆಯ. ಬನ್ನೂರಿನಲ್ಲಿ ಅವರಪ್ಪನದು ಅಕ್ಕಿ ಗಿರಣಿ. ಅವನಿಗೆ ಚಿಕ್ಕಂದಿನಿಂದ ಕಾರಿನ ಹುಚ್ಚು. ಬೆಂಗಳೂರಿನಲ್ಲಿ ಯಾರೋ ಮಾರಿದ, ಎರಡೇ ಸೀಟಿನ, ಮೇಲೆ ಛಾವಣಿಯಿಲ್ಲದ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದುಬಿಟ್ಟ. ಬನ್ನೂರಿನ ಸಂತೆಯಲ್ಲಿ ಅದು ನಿಂತರೆ ಜನ ಮುತ್ತಿಕೊಳ್ಳುತ್ತಿದ್ದರು. ನೋಡಲು ಚೆಂದ, ಓಡಿಸಿದರೆ ಮೈಯೆಲ್ಲ ಅಲುಗಾಟ. ಗುಂಡಿಗೆ ಬಿದ್ದರೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಓರೆಯಾಗಿ ನಿಲ್ಲಿಸಿದರೆ ಅದೇ ಬಾಗಿಲು ತೆರೆಯುತ್ತಿರಲಿಲ್ಲ. ಮುಂದಿನ ಗಾಜು ಎರಡು ಸಲ ಸೀಳಿತ್ತು. ಅವನು ಸಿಂಗಪುರದ ಸಂಬಂಧಿಯ ಕೈಲಿ ಒಂದು ಕಿಟ್ಟು ತರಿಸಿದ: ಎಂಜಿನ್ನಿನ ಮೇಲೆ ಎಡಬಲದ ಸಸ್ಪೆನ್ಷನ್ನುಗಳನ್ನು ಕೂಡಿಸುವ ಒಂದು ಅಡ್ಡಪಟ್ಟಿ, ಹೊಟ್ಟೆಯಡಿ ಹಾಕುವ ಗುಣಾಕಾರದ ಗುರುತಿನಂಥ ಪಟ್ಟಿ, ಜೊತೆಗೆ ಬೋಲ್ಟುಗಳು. ಇದನ್ನು ಕೂಡಿಸಲು ನರಸೀಪುರದಲ್ಲಿ ಒಬ್ಬರಿದ್ದಾರೆ ಎಂದು ಕರೆದುಕೊಂಡು ಹೋದವನು ನಾನೇ.

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲಿನ ಸಂದಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ, ಮುಂದಿನ ಒಂದು ಚಕ್ರವನ್ನು ಮಾತ್ರ ಇಟ್ಟಿಗೆಯ ಮೇಲೆ ಹತ್ತಿಸಲು ಗಿರೀಶನಿಗೆ ಹೇಳಿದರು. ಕಡ್ಡಿ ಲಟ್ಟನೆ ಮುರಿಯಿತು.

"ನೋಡಿ ಸಾ, ಮೈ ತಿರುಚ್ಕತಾ ಅದೆ. ಡಬ್ಬಕ್ಕೆ ಮುಚ್ಚಳ ಇದ್ರೆ ಒಂದ್ ಬಿಗಿ, ಇಲ್ದಿದ್ರೆ ಇನ್ನೊಂದು. ಇದ್ಕೆ ಮುಚ್ಚಳಾನೇ ಇಲ್ಲ."

ಕಿಟ್ಟಿನ ಪಟ್ಟಿಗಳನ್ನು ಅವರು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ಆದರೆ ಅಷ್ಟೇ ಸಾಲದು ಎಂದರು. ಸೀಟಿನ ಹಿಂದಿನಿಂದ ಮುಂದಿನವರೆಗೆ, ಬಾಗಿಲಿನ ಜಾಗದಲ್ಲಿ ಮೊಣಕಾಲೆತ್ತರಕ್ಕೆ ಎರಡೂ ಬದಿಗೆ ಒಂದೊಂದು ದಪ್ಪ ಪೈಪು, ಅವೆರಡನ್ನೂ ಕೂಡಿಸಲು ಡ್ಯಾಶ್‌ಬೋರ್ಡಿನ ಕೆಳಗೊಂದು. ಕಾರು ಹತ್ತುವಾಗ ಪೈಪು ದಾಟಿ ಇಳಿಯಬೇಕು, ಅಷ್ಟೆ. ಗಿರೀಶ ರೇಸಿನ ಕಾರುಗಳ ಚಿತ್ರದಲ್ಲಿ ಅಂಥದನ್ನು ನೋಡಿದ್ದ, ಹಿಗ್ಗಿಹೋದ.

"ನಿಮ್ ತೂಕ ಎಷ್ಟು ಸಾ?" ಎಂದು ಅವರು ಅವನನ್ನು ಕೇಳಿದರು. ಎಪ್ಪತ್ತೈದು ಎಂದ. "ಅಂಗಾರೆ ನಿಮ್ ಮಿಲ್ಲಿಂದ ಒಂದ್ ಮೂಟೆ ಅಕ್ಕಿ ಕಳ್ಸಿ. ಡ್ರೈವರ್ ಸೀಟಲ್ಲಿ ಕೂರ್ಸ್ತೀನಿ. ಜಾಕಲ್ಲಿ ಎತ್ತಿ ಕೂಡ್ಸುದ್ರೆ ಗಾಡಿ ಜೋತ್ಬಿದ್ದಂಗೇ ನಿಂತೋಯ್ತದೆ. ನೆಲದ ಮ್ಯಾಲೆ ನಿಂತಿರೋವಾಗ, ಮನ್ಸ ಕೂತಿರೋವಾಗ ಕೂಡ್ಸಬೇಕು."

ಅಕ್ಕಿಮೂಟೆ ಬಂತು. ಅದಕ್ಕೆ ಗಿರೀಶನ ಹಳೆಯ ಟೋಪಿ ಹಾಕಿ ಸೀಟಿನಲ್ಲಿ ಕೂರಿಸಿದರು. ವಾರವೆಲ್ಲ ಶೆಡ್ಡಿಗೆ ಬಂದ ಟ್ರ್ಯಾಕ್ಟರಿನವರು ಅದಕ್ಕೆ ನಮಸ್ಕಾರ ಹಾಕಿ ನಗುತ್ತಿದ್ದರು.

ಗಿರೀಶ ಆ ವಾರ ಗಿರಣಿಯ ಕೆಲಸದ ಮೇಲೆ ಮಂಡ್ಯದ ಕಡೆ ಹೋಗಿದ್ದ. ಕೆಲಸ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಕಿಟ್ಟಿನ ಪಟ್ಟಿಗಳೆಲ್ಲ ಕೂತವು. ಪೈಪುಗಳನ್ನು ಕೊಯ್ದು ಹೊಂದಿಸಿಯಾಗಿತ್ತು. ನಾನು ಹೋದಾಗ ಅವರು ಅಂಗೈಯಗಲದ ಉಕ್ಕಿನ ತಟ್ಟೆಗಳಿಗೆ ತೂತು ಕೊರೆಯುತ್ತಿದ್ದರು. ಇದೇನೆಂದು ಕೇಳಿದೆ.

"ಪೈಪಿನ ಕೊನೇಗೆ ಸಾ. ಬೆಸುಗೆ ಬ್ಯಾಡ, ಬೋಲ್ಟು ಹಾಕೋಣ. ಒಂದೊಂದ್ ಕೊನೇಗೆ ನಾಕು ನಾಕು ಸಾಕು."

"ಬೋಲ್ಟು ಸಡಿಲ ಆಗ್ತವೆ ಕಣ್ರೀ. ನಮ್ಮ ರಸ್ತೆಗೆ ಆರು ತಿಂಗಳಲ್ಲಿ ತೂತು ಅಗಲ ಆಗಿ ಕಟಕಟ ಶುರು. ಬಿಗಿ ಮಾಡೋಕೆ ಹೊರಟು ಬೋಲ್ಟು ಹಾಕೋದು ಅಂದ್ರೆ ಏನರ್ಥ? ಪೂರ್ತಿ ವೆಲ್ಡ್ ಮಾಡಿ."

"ನಾಳೆ ಏನಾರ ಆದ್ರೆ ತೆಗೀಬೇಕಲ್ಲ ಸಾ. ಮನ್ಸ ಕೂರೋ ಜಾಗ ಅದು."

"ಏನಾಗುತ್ತೆ?"

ಅವರು ಇನ್ನೊಂದು ತಟ್ಟೆ ಕೈಗೆತ್ತಿಕೊಂಡರು. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ತಿರುಚುವ ಬಲ ಹೇಗೆ ಹರಿಯುತ್ತದೆ, ಕೀಲು ಅಲುಗಿದರೆ ಹೇಗೆ ಎಲ್ಲ ವ್ಯರ್ಥ ಎಂದು ವಿವರಿಸಿದೆ. ಲೆಕ್ಕವೆಲ್ಲ ಸರಿಯಾಗೇ ಇತ್ತು. ಸ್ಟೀಮ್ ಪೈಪಿನ ದಿನ ಕಳೆದುಕೊಂಡದ್ದನ್ನು ಇವತ್ತು ಗಳಿಸಿಕೊಂಡೆ ಎಂಬ ಖುಷಿಯೂ ನನ್ನೊಳಗಿತ್ತು. ಅದನ್ನು ಮುಚ್ಚಿಡಲಾರೆ. ಅವರು ಕುಕ್ಕರುಗಾಲಲ್ಲಿ ಕೂತು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೀಡಿ ಪೂರ್ತಿ ಉರಿದು ಬೆರಳಿಗೆ ಬಂತು.

"ಸರಿ ಬುಡಿ. ನೀವು ಓದ್ದೋರು" ಎಂದು ಎದ್ದು ತಟ್ಟೆಗಳನ್ನು ಮೂಲೆಗೆ ಎಸೆದರು.

ಬೆಸುಗೆ ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಕೂತಿತ್ತು. ಅಂಥ ಕೆಲಸವನ್ನು ನಾನು ಆಮೇಲೂ ನೋಡಿಲ್ಲ. ಬೆಂಕಿಕಡ್ಡಿ ಸಿಕ್ಕಿಸಿ ಚಕ್ರವನ್ನು ಇಟ್ಟಿಗೆ ಹತ್ತಿಸಿದೆವು, ಕಡ್ಡಿ ಅಲುಗಲಿಲ್ಲ. ಗಿರೀಶ ಬಂದವನೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಜನಗೂಡು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಕಾರು ನೆಲಕ್ಕೆ ಅಂಟಿಕೊಂಡು ಓಡಿತಂತೆ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅವರು ಪೈಪು ದಾಟಿ ಕೆಳಗಿಳಿದು, "ಚೆನ್ನಾಗದೆ ಸಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಕಬ್ಬು ಕಡಿಯುವ ಕಾಲ ಬಂತು. ಒಂದು ಶನಿವಾರ ಮಧ್ಯಾಹ್ನ ನಾನು ಅವರ ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದೆ. ಮೊಪೆಡ್ಡಿನಲ್ಲಿ ಒಬ್ಬ ಬಂದು, "ಆ ಕೆಂಪು ಕಾರು ಉಣಸೆಮರಕ್ಕೆ ಗುದ್ಬುಟ್ಟದೆ. ಒಳಗಿರೋರು ಬದುಕವ್ರೆ, ಈಚೆ ಬರಕ್ಕಾಯ್ತಿಲ್ಲ. ಬ್ಯಾಗ ಬನ್ನಿ" ಎಂದ. ಕಬ್ಬಿಣ ಕೊಯ್ಯುವ ಗ್ಯಾಸ್ ಸಿಲಿಂಡರುಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ಹೊರಟೆವು. ಬನ್ನೂರು ರಸ್ತೆಯಲ್ಲಿ ನಾಲ್ಕು ಮೈಲಿ. ಗದ್ದೆಯ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರು ಏಕಾಏಕಿ ರಸ್ತೆಗೆ ತಿರುಗಿದೆ, ತಪ್ಪಿಸಲು ಹೋಗಿ ಗಿರೀಶ ಮರಕ್ಕೆ ಹೊಡೆದಿದ್ದಾನೆ.

ಇನ್ನೂ ಐವತ್ತು ಗಜ ಇರುವಾಗಲೇ ಅವರು ಆಟೋ ನಿಲ್ಲಿಸಿದರು. ಪೆಟ್ರೋಲಿನ ವಾಸನೆ. ಟ್ಯಾಂಕು ಒಡೆದು ಕಾರಿನ ಕೆಳಗಿನ ಮಣ್ಣೆಲ್ಲ ತೊಯ್ದುಹೋಗಿತ್ತು. "ಸಿಲಿಂಡರ್ ಇಳಿಸ್ಬ್ಯಾಡ. ಬೀಡಿ ಎಲ್ಲ ಆರ್ಸ್ರೋ" ಎಂದು ಕೂಗಿದರು. ಬೆಂಕಿಯಲ್ಲಿ ಕೆಲಸ ಮಾಡುವ ಮನುಷ್ಯ ಬೆಂಕಿ ತಂದು ಅದನ್ನು ಹಚ್ಚಲಾಗದೆ ನಿಂತರು.

ಕಾರಿನ ಮೂತಿ ನುಗ್ಗಾಗಿತ್ತು. ಕೂರುವ ಜಾಗ ಮಾತ್ರ ಹಾಗೇ ಇತ್ತು. ಪೈಪುಗಳು ಅವನ ಜೀವ ಉಳಿಸಿದ್ದವು, ಅದನ್ನು ಡಾಕ್ಟರರೂ ಆಮೇಲೆ ಹೇಳಿದರು. ಆದರೆ ಎಂಜಿನ್ನು ಹಿಂದಕ್ಕೆ ಬಂದು ಅವನ ಬಲಗಾಲನ್ನು ಡ್ಯಾಶ್‌ಬೋರ್ಡಿನ ಪೈಪಿಗೂ ಬದಿಯ ಪೈಪಿಗೂ ನಡುವೆ ಸಿಕ್ಕಿಸಿತ್ತು. ಎಂಟು ಜನ ಹಾರೆ ಹಾಕಿ ಮೀಟುತ್ತಿದ್ದರು. ಪೈಪು ಕೂದಲೆಳೆಯಷ್ಟೂ ಬಗ್ಗಲಿಲ್ಲ.

"ಯಾವನ್ಲಾ ಇದ್ನ ಮಾಡ್ದೋನು, ಇಷ್ಟ್ ಗಟ್ಟಿ" ಎಂದ ಒಬ್ಬ.

ಅವರು ಮಂಡಿಯೂರಿ ಹ್ಯಾಕ್ಸಾ ಹಿಡಿದರು. ನಾಲ್ಕು ಬೆರಳಗಲದಷ್ಟು ಮಾತ್ರ ಅದನ್ನು ಹಿಂದೆ ಮುಂದೆ ಆಡಿಸುವ ಜಾಗ. ಎರಡು ಕಡೆ ಕೊಯ್ಯಬೇಕು. ಬ್ಲೇಡು ಮುರಿಯುತ್ತಿತ್ತು, ಇನ್ನೊಂದು ಹಾಕುತ್ತಿದ್ದರು. ಬಗ್ಗಿದಾಗಲೆಲ್ಲ ಜೇಬಿನ ಸ್ಪ್ಯಾನರು ಕೆಸರಿಗೆ ಬೀಳುತ್ತಿತ್ತು. ಯಾರೋ ಎತ್ತಿ ಮತ್ತೆ ಅವರ ಜೇಬಿಗೇ ಹಾಕುತ್ತಿದ್ದರು. ಎರಡನೆಯ ಸಲ ಅದು ಬಿದ್ದಾಗ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಒಂದೇ ಸಲ. ಎಂಟು ಬೋಲ್ಟು, ಒಂದು ಸ್ಪ್ಯಾನರು, ಐದು ನಿಮಿಷ. ಅದು ನನಗೆ ಆಗಲೇ ಹೊಳೆದಿತ್ತು. ಗಿರೀಶ ಮೊದಲು ಕೂಗುತ್ತಿದ್ದವನು ಆಮೇಲೆ "ಬೇಗ, ಬೇಗ" ಎಂದಷ್ಟೇ ಅನ್ನುತ್ತಿದ್ದ. ಕಾಲಿಗೆ ಪಂಚೆ ಹರಿದು ಬಿಗಿದು ಕಟ್ಟಿದ್ದೆವು. "ಕೊಡಿ, ನಾನು ಕೊಯ್ತೀನಿ" ಎಂದು ಕೈ ಚಾಚಿದೆ.

"ನೀವು ತಲೆ ಇಡ್ಕಳಿ ಸಾ" ಎಂದರು.

ನಾನು ಗೆಳೆಯನ ತಲೆ ಹಿಡಿದುಕೊಂಡು ಕೂತೆ. ಮಾಡಲು ಇನ್ನೇನೂ ಇರಲಿಲ್ಲ. ಆ ಗರಗಸದ ಸದ್ದು ಒಂದೂವರೆ ಗಂಟೆ ನಡೆಯಿತು. ಕೊನೆಗೆ ಪೈಪು ಕಳಚಿಕೊಂಡಾಗ ಅವರ ಅಂಗೈಯ ಚರ್ಮ ಹಿಡಿಕೆಗೆ ಅಂಟಿಕೊಂಡಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. "ಒಂದು ಗಂಟೆ ಮುಂಚೆ ತಂದಿದ್ದರೆ ನೋಡಬಹುದಿತ್ತು" ಎಂದರು ಡಾಕ್ಟರು.

ಹತ್ತು ದಿನದ ಮೇಲೆ ಗಿರೀಶನ ಅಪ್ಪ ಶೆಡ್ಡಿಗೆ ಬಂದರು. ಜೊತೆಗೆ ಗಿರಣಿಯ ಏಳೆಂಟು ಜನ. ನಾನೂ ಅಲ್ಲೇ ಇದ್ದೆ. ಗಿರೀಶನ ಅಪ್ಪ ಕೆಟ್ಟ ಮನುಷ್ಯರಲ್ಲ. ಅವತ್ತು ಹೊಡೆಯುವುದಕ್ಕೂ ಬಂದಿರಲಿಲ್ಲ, ಕೇಳುವುದಕ್ಕೆ ಬಂದಿದ್ದರು. ಹೊಸಲಿನಲ್ಲೇ ನಿಂತು ಕೇಳಿದರು:

"ಆಸ್ಪತ್ರೇಲಿ ಯಾರೋ ಅಂದ್ರು, ಬೋಲ್ಟ್ ಹಾಕಿದ್ರೆ ಬಿಚ್ಚಬೋದಿತ್ತು ಅಂತ. ನಿಜವೇನಯ್ಯ?"

"ನಿಜ ಸಾ."

"ಮತ್ಯಾಕೆ ಬೆಸುದ್ಬುಟ್ಟೆ?"

ಅವರು ನನ್ನತ್ತ ನೋಡದೆ ಅಂಗೈಯ ಕಟ್ಟು ಬಿಗಿದುಕೊಂಡರು. ಆಗ ಗಿರೀಶನ ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ಇಂಥ ಇಂಜಿನಿಯರ್ರು ದಿನಾ ಬಂದು ಕೂರ್ತಿದ್ರಲ್ಲಯ್ಯ ನಿನ್ ಶೆಡ್ಡಲ್ಲಿ. ಇವರನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದರು.

ಆ ಕೈ ನನ್ನ ಭುಜದ ಮೇಲಿದ್ದಷ್ಟು ಹೊತ್ತು ನನಗೆ ಅವಕಾಶವಿತ್ತು. ಒಂದೇ ವಾಕ್ಯ ಸಾಕಾಗಿತ್ತು. ಕಾರ್ಖಾನೆಗೆ ಗೊತ್ತಾದರೆ, ಪೊಲೀಸರು ಕರೆದರೆ, ಗಿರೀಶನಿಗೆ ಮುಖ ತೋರಿಸುವುದು ಹೇಗೆ, ಎಲ್ಲವೂ ಒಟ್ಟಿಗೆ ತಲೆಗೆ ಬಂತು. ನನಗೆ ಭಯವಾಯಿತು. ಕನ್ನಡಕ ತೆಗೆದು ಒರೆಸಿಕೊಂಡೆ.

"ಕೇಳ್ಬೇಕಿತ್ತು ಸಾ" ಎಂದರು ಅವರು. "ನನ್ ಕೈ ಕೆಲ್ಸ. ನಾನೇ ಮಾಡ್ದೆ."

ಮರುದಿನದಿಂದ ಟ್ರೇಲರುಗಳು ಬರುವುದು ಕಡಿಮೆಯಾಯಿತು. ಮುಂದಿನ ಹಂಗಾಮಿಗೆ ಒಂದೂ ಇಲ್ಲ. ಬನ್ನೂರಿನ ಕಡೆಯವರು ಶೆಡ್ಡು ದಾಟಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. "ಅವರ್ಗೆ ಎಷ್ಟ್ ಕಲ್ತ್ರೂ ಅಷ್ಟೆ" ಎಂಬ ಮಾತು ನನ್ನ ಎದುರೇ ಆಡಿದವರಿದ್ದಾರೆ. "ಅವರ್ಗೆ" ಎಂದರೆ ಯಾರಿಗೆಂದು ನನ್ನ ಬೀದಿಯವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಿಗೆ ಉಳಿದದ್ದು ಕಿಟಕಿಯ ಸರಳು, ಮನೆಯ ಗೇಟು. ಅವನ್ನೂ ಅವರು ಬೋಲ್ಟಿನಲ್ಲೇ ಕೂಡಿಸಲು ಶುರುಮಾಡಿದರು. ಗೇಟಿಗೆ ಯಾಕಯ್ಯ ಬೋಲ್ಟು, ಕಳ್ಳ ಬಿಚ್ಚಿಕೊಂಡು ಹೋಗ್ತಾನೆ ಎಂದು ಜನ ಅದಕ್ಕೂ ನಕ್ಕರು. ಕಾರ್ಖಾನೆಯ ವಾರ್ಷಿಕ ರಿಪೇರಿಗೆ ಹೊರಗಿನ ವೆಲ್ಡರುಗಳ ಪಟ್ಟಿ ಬಂದಾಗ ಅವರ ಹೆಸರಿನ ಮೇಲೆ ಸೇಫ್ಟಿಯವರು ಗೆರೆ ಎಳೆದಿದ್ದರು. ಕೆಳಗೆ ನನ್ನ ಸಹಿ ಬೇಕಿತ್ತು. ಹಾಕಿದೆ.

ಹಾಗೆಂದು ನಾನು ಹೋಗುವುದನ್ನು ಬಿಡಲಿಲ್ಲ. ತಿಂಗಳಿಗೊಮ್ಮೆಯಾದರೂ ಹೋಗಿ ಕೂರುತ್ತಿದ್ದೆ. ಟೀ ತರಿಸುತ್ತಿದ್ದರು. ಒಂದು ಸಲ ಧೈರ್ಯ ಮಾಡಿ, "ನಾನು ಗಿರೀಶನ ಅಪ್ಪನಿಗೆ ಹೇಳಿಬಿಡ್ತೀನಿ" ಎಂದೆ.

"ಏನಂತ?"

"ವೆಲ್ಡ್ ಮಾಡಿ ಅಂದದ್ದು ನಾನು ಅಂತ."

ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. "ನೀವು ಬಾಯಲ್ ಏಳುದ್ರಿ, ನಾನು ಕೈಯಲ್ ಮಾಡ್ದೆ. ಆಗಲ್ಲ ಅಂತ ಓಲ್ಡರ್ ಕೆಳಗಿಟ್ಟಿದ್ರೆ ನೀವೇನ್ ಮಾಡ್ತಿದ್ರಿ? ಅವತ್ತು ಸ್ಟೀಮ್ ಪೈಪಿಗೆ ಕೆಳಗಿಟ್ಟೆ, ಮನ್ಸನ್ಗೆ ಇಡ್ಲಿಲ್ಲ. ಅದು ನನ್ ತಪ್ಪು. ಅದ್ನ ನಾನು ಒತ್ಕಂಡಿವ್ನಿ." ಸಿಟ್ಟಿಲ್ಲದ ದನಿಯಲ್ಲೇ ಮುಂದುವರಿಸಿದರು: "ನಿಮ್ದು ಬ್ಯಾರೆ. ಆವತ್ತು ಅವ್ರು ನಿಮ್ ಎಗಲ ಮ್ಯಾಲೆ ಕೈ ಇಟ್ರಲ್ಲ, ಆವಾಗ ಏಳ್ಬೇಕಿತ್ತು ಸಾ. ಈಗ ಏಳುದ್ರೆ ಯಾರ್ ನಂಬ್ತಾರೆ?"

ನಂಬುತ್ತಾರೆ ಎಂದು ನಾನು ವಾದಿಸಿದೆ. ವಾದಿಸಿದೆನೇ ಹೊರತು ಹೋಗಿ ಹೇಳಲಿಲ್ಲ. ಎರಡು ವರ್ಷದಲ್ಲಿ ಗಿರೀಶನ ಅಪ್ಪ ತೀರಿಕೊಂಡರು. ಗಿರೀಶ ಕೃತಕ ಕಾಲು ಹಾಕಿಕೊಂಡು ಗಿರಣಿ ನೋಡಿಕೊಳ್ಳತೊಡಗಿದ. "ಅಷ್ಟು ಬುದ್ಧಿವಂತ, ಬೋಲ್ಟು ಯಾಕೆ ಹಾಕಲಿಲ್ಲವೋ?" ಎಂದು ಅವನು ಒಮ್ಮೆ ಕೇಳಿದ. ನನಗೂ ಗೊತ್ತಿಲ್ಲ ಎಂದೆ.

ಕೊನೆಯ ಎರಡು ವರ್ಷ ಅವರಿಗೆ ಉಬ್ಬಸ. ಹೊಗೆ ಕುಡಿದ ಎದೆ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯಲ್ಲಿ ಹೋಗುವ ಟ್ರೇಲರುಗಳನ್ನು ನೋಡುತ್ತಿದ್ದರು. ತುಂಬಿದ ಟ್ರೇಲರು ಹೋದರೆ, "ಇಂದ್ಗಡೆ ಮೂಲೆ ಓಯ್ತದೆ ಅದು" ಎನ್ನುತ್ತಿದ್ದರು. ಯಾರೂ ಕೇಳುವವರಿರಲಿಲ್ಲ.

ಲಾರಿ ಡ್ರೈವರು ಸುದ್ದಿ ಹೇಳಿದ ವಾರಕ್ಕೆ ನರಸೀಪುರದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಒಬ್ಬ ಭಂತೇಜಿ, ಬೌದ್ಧ ಭಿಕ್ಷು, ಬಂದಿದ್ದರು. ಬಿಳಿ ಬಟ್ಟೆಯ ಮೇಲೆ ಅವರ ಫೋಟೋ, ಮುಂದೆ ಮೇಣದಬತ್ತಿ. ಅವರ ಊರಿನವರು, ಶೆಡ್ಡಿನ ಅಕ್ಕಪಕ್ಕದವರು, ಹಳೆಯ ಟ್ರ್ಯಾಕ್ಟರಿನವರು ಕೆಲವರು. ಹಿಂದಿನ ಸಾಲಿನಲ್ಲಿ ಕೋಲು ಊರಿಕೊಂಡು ಗಿರೀಶನೂ ಕೂತಿದ್ದ. ಮಾತಾಡಿ ಎಂದು ನನಗೆ ಮೈಕು ಕೊಟ್ಟರು. ಈ ಸಲ ಜಾರಿಕೊಳ್ಳಬಾರದೆಂದು ಮನೆಯಿಂದಲೇ ನಿಶ್ಚಯಿಸಿ ಹೊರಟಿದ್ದೆ.

ಎಲ್ಲವನ್ನೂ ಹೇಳಿದೆ. ತಟ್ಟೆಗಳಿಗೆ ತೂತು ಕೊರೆಯುತ್ತಿದ್ದದ್ದು, ಬೋಲ್ಟು ಹಾಕೋಣ ಎಂದದ್ದು, ನೆಲದ ಮೇಲೆ ನಾನು ಚಿತ್ರ ಬರೆದದ್ದು. "ಗಿರೀಶನ ಕಾಲು ಹೋದದ್ದು ನನ್ನ ಮಾತಿನಿಂದ, ಇವರ ಕೈಯಿಂದ ಅಲ್ಲ" ಎಂದೆ. ಮಾತು ಮುಗಿದಾಗ ಮುಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಅಧ್ಯಕ್ಷತೆ ವಹಿಸಿದ್ದ ಹಿರಿಯರು ಮೈಕು ತೆಗೆದುಕೊಂಡು, "ತೀರ್ಕಂಡೋರ ಮೇಲಿನ ಕಳಂಕ ಕಳೀಲಿ ಅಂತ, ಇಷ್ಟ್ ದೊಡ್ಡ ಇಂಜಿನಿಯರ್ ಸಾಹೇಬ್ರು ತಮ್ ಮೇಲೆ ಹಾಕ್ಕತಾ ಅವ್ರೆ. ಇಂಥ ದೊಡ್ ಮನ್ಸು ಯಾರ್ಗೈತೆ ಈ ಕಾಲದಲ್ಲಿ?" ಎಂದರು. ನಾನು ಎದ್ದು ನಿಂತು, ಇಲ್ಲ, ಇದು ನಿಜ, ನಡೆದದ್ದೇ ಇದು ಎಂದೆ. ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಹೆಚ್ಚು ಹೇಳಿದಷ್ಟೂ ನಾನು ದೊಡ್ಡವನಾಗುತ್ತ ಹೋದೆ.

ಕಡೆಯ ಆಸೆ ಗಿರೀಶನ ಮೇಲಿತ್ತು. ಅವನಾದರೂ ಕೆನ್ನೆಗೆ ಹೊಡೆಯಲಿ ಎಂದು ಅವನ ಬಳಿ ಹೋಗಿ ನಿಂತೆ. ಅವನು ಕೋಲು ಊರಿ ಎದ್ದು ನನ್ನನ್ನು ತಬ್ಬಿಕೊಂಡ. "ಆ ಮನುಷ್ಯನ ಹೆಸರು ಉಳಿಸೋಕೆ ಇಷ್ಟು ದೊಡ್ಡ ಸುಳ್ಳು ಹೇಳಿದೆಯಲ್ಲೋ" ಎಂದ. ನಿಜ ಕಣೋ ಎಂದೆ. "ಸಾಕು ಬಿಡು, ಎಷ್ಟೋ ವರ್ಷ ಆಯ್ತು" ಎಂದು ಬೆನ್ನು ತಟ್ಟಿದ.

ಊಟಕ್ಕೆ ನಿಲ್ಲದೆ ಹೊರಟೆ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು, ಬಿಳಿ ಸೀರೆ, ಕೈಯಲ್ಲಿ ಬಂದವರಿಗೆ ಕೊಡುವ ಬಾಳೆಹಣ್ಣಿನ ತಟ್ಟೆ. ಹಿಂದೆಲ್ಲ ಶೆಡ್ಡಿಗೆ ಬುತ್ತಿ ತಂದಾಗ ನೋಡಿದ್ದೆನಷ್ಟೆ, ಮಾತಾಡಿದ್ದು ಕಡಿಮೆ.

"ನಾನು ಹೇಳಿದ್ದು ನಿಜ ಕಣಮ್ಮ" ಎಂದೆ.

"ಗೊತ್ತು ಸಾ. ಆವತ್ತು ಸಂಜೇನೇ ಏಳಿದ್ರು, ಬೋಲ್ಟ್ ಹಾಕ್ತೀನಿ ಅಂದ್ರೆ ಸಾಹೇಬ್ರು ಬ್ಯಾಡ ಅಂದ್ರು ಅಂತ."

ಒಳಗೆ ಇನ್ನೂ ಯಾರೋ ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ಆಕೆ ಅತ್ತ ಒಮ್ಮೆ ನೋಡಿ, ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟರು.

"ಅವ್ರು ಸತ್ ಮ್ಯಾಲೂ ಒಳ್ಳೆ ಎಸ್ರು ನಿಮ್ಗೇ ಬಂತಲ್ಲ ಸಾ."